ಆಮದಾದ ಮಲೇರಿಯಾ ಮಾತ್ರೆ: ಪ್ಲೇಟ್ ಮೇಲೆ ಸ್ಪಾಟ್ ಸರಿ ಬಂದರೆ ಬ್ಯಾಚ್ ಬಿಡುಗಡೆ ಮಾಡಬಹುದೇ?

ಉಗ್ರಾಣ_ಫಾರ್ಮಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಲೇರಿಯಾ ಕಾರ್ಯಕ್ರಮವೊಂದಕ್ಕೆ ಹಡಗಿನಲ್ಲಿ ಬಂದ ಸರಕು ಪರೀಕ್ಷೆಗಾಗಿ ಕ್ವಾರಂಟೈನ್‌ನಲ್ಲಿದೆ. ವಿವರ ಇಷ್ಟು:

ಆರ್ಟಿಮೆಥರ್ 20 ಮಿ.ಗ್ರಾಂ. + ಲುಮೆಫ್ಯಾಂಟ್ರಿನ್ 120 ಮಿ.ಗ್ರಾಂ. ಮಾತ್ರೆ, 24 ಮಾತ್ರೆಯ ಪ್ಯಾಕ್. ಎರಡು ಬ್ಯಾಚ್, ಒಂದರಲ್ಲಿ 81 ಕಾರ್ಟನ್, ಇನ್ನೊಂದರಲ್ಲಿ 36. ಇದಲ್ಲದೆ ಆರ್ಟಿಸುನೇಟ್ ಇಂಜೆಕ್ಷನ್, 60 ಮಿ.ಗ್ರಾಂ. ವಯಲ್, ಒಂದೇ ಬ್ಯಾಚ್, ಜೊತೆಗೆ ಬೈಕಾರ್ಬೊನೇಟ್ ಆಂಪೂಲ್.

ಮಿನಿಲ್ಯಾಬ್ ಪೆಟ್ಟಿಗೆ (ಔಷಧ ಪರೀಕ್ಷೆಯ ಸಣ್ಣ ಕಿಟ್) ಇದೆ, ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೊಗ್ರಫಿ: ಸಿಲಿಕಾ ಪ್ಲೇಟ್ ಮೇಲೆ ಔಷಧದ ಚುಕ್ಕೆ, ಅಂದರೆ ಸ್ಪಾಟ್, ಹಾಕಿ ದ್ರಾವಕದಲ್ಲಿ ಓಡಿಸುವುದು) ಮಾಡಲು ಬರುತ್ತದೆ. ಎಚ್‌ಪಿಎಲ್‌ಸಿ (ಪ್ರಮಾಣವನ್ನು ನಿಖರವಾಗಿ ಅಳೆಯುವ ಲ್ಯಾಬ್ ಯಂತ್ರ) ಇಲ್ಲ. ಹೊರಗಿನ ಲ್ಯಾಬ್‌ಗೆ ಕಳಿಸಬಹುದು, ಆದರೆ ಎಲ್ಲವನ್ನೂ ಕಳಿಸುವಷ್ಟು ಅನುದಾನವಿಲ್ಲ. ನನ್ನ ಪ್ರಶ್ನೆಗಳು:

1. ಎಷ್ಟು ಕಾರ್ಟನ್ ತೆರೆಯಬೇಕು, ಎಷ್ಟು ಮಾತ್ರೆ ತೆಗೆಯಬೇಕು?
2. 20 ಮಾತ್ರೆ ಒಟ್ಟಿಗೆ ಪುಡಿ ಮಾಡಿ ಒಂದೇ ಟಿಎಲ್‌ಸಿ ಮಾಡಿದರೆ ಸಾಕೇ?
3. ಕೈಯಲ್ಲಿ ಹಿಡಿಯುವ ರಾಮನ್ ಯಂತ್ರ (ಲೇಸರ್ ಬೆಳಕಿನಿಂದ ಪದಾರ್ಥ ಗುರುತಿಸುವುದು) ಎರವಲು ಸಿಗುತ್ತದೆ. ಅದರಲ್ಲಿ ಪಾಸಾದರೆ ಟಿಎಲ್‌ಸಿ ಬಿಡಬಹುದೇ?
4. ಸ್ಪಾಟ್ ಸ್ಟ್ಯಾಂಡರ್ಡ್‌ಗೆ (ಪ್ರಮಾಣ ಗೊತ್ತಿರುವ ಹೋಲಿಕೆಯ ದ್ರಾವಣಕ್ಕೆ) ಹೊಂದಿದರೆ ಬಿಡುಗಡೆ ಮಾಡಬಹುದೇ?

---

ಮೊದಲು_ಸ್ಯಾಂಪಲ್ ಉತ್ತರ:

ನಾಲ್ಕನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಔಷಧ ಕೈಕೊಡುವುದು ನಾಲ್ಕು ಬಗೆಯಲ್ಲಿ. ಒಳಗೆ ಔಷಧವೇ ಇಲ್ಲದಿರಬಹುದು ಅಥವಾ ಬೇರೆ ಏನೋ ಇರಬಹುದು. ತಯಾರಿಸುವಾಗಲೇ ಪ್ರಮಾಣ ತಪ್ಪಿರಬಹುದು. ಕಾರ್ಖಾನೆ ಬಿಟ್ಟಾಗ ಸರಿಯಿದ್ದದ್ದು ದಾರಿಯ ಬಿಸಿಗೆ ಕೆಟ್ಟಿರಬಹುದು. ಕೊನೆಯದು, ಪ್ರಮಾಣ ಪೂರ್ತಿ ಇದ್ದೂ ಮಾತ್ರೆ ಕರಗದೆ ಹಾಗೇ ಹೊರಗೆ ಹೋಗಬಹುದು. ಟಿಎಲ್‌ಸಿ ಮೊದಲನೆಯದನ್ನು ಚೆನ್ನಾಗಿ ಹಿಡಿಯುತ್ತದೆ, ನಡುವಿನ ಎರಡನ್ನು ಅರೆಬರೆ ಹಿಡಿಯುತ್ತದೆ, ಕೊನೆಯದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಕಳಪೆ’ ಮತ್ತು ‘ನಕಲಿ’ ಎರಡನ್ನೂ ಬೇರೆಬೇರೆಯಾಗಿ ವ್ಯಾಖ್ಯಾನಿಸಿದ್ದು ಸುಮ್ಮನೆ ಅಲ್ಲ. ಕಳಪೆ ಎಂದರೆ ಅನುಮತಿ ಇದ್ದ ಔಷಧ ಮಾನದಂಡ ಮುಟ್ಟಿಲ್ಲ. ನಕಲಿ ಎಂದರೆ ಬೇಕೆಂದೇ ಮೋಸ. ಎರಡಕ್ಕೂ ಹುಡುಕುವ ದಾರಿ ಬೇರೆ, ಮುಂದಿನ ಕ್ರಮವೂ ಬೇರೆ.

ಕಾರ್ಟನ್ ಲೆಕ್ಕ. ಪ್ರತಿ ಬ್ಯಾಚನ್ನೂ ಪ್ರತ್ಯೇಕ ಸರಕು ಎಂದೇ ತಿಳಿಯಿರಿ; 81 + 36 = 117 ಎಂದು ಕೂಡಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಸ್ಯಾಂಪ್ಲಿಂಗ್ ಮಾರ್ಗಸೂಚಿಯಲ್ಲಿ ಮೂರು ಸೂತ್ರಗಳಿವೆ, ಮೂರೂ ಕಾರ್ಟನ್ ಸಂಖ್ಯೆಯ ವರ್ಗಮೂಲದ ಮೇಲೆ ನಿಂತಿವೆ. ನಂಬಿಕೆಯ ಮೂಲ, ಒಂದೇ ಬಗೆಯ ಸರಕು ಆದರೆ ವರ್ಗಮೂಲಕ್ಕೆ 1 ಕೂಡಿಸಿ. ಅಂಥ ಸರಕಿನಲ್ಲೇ ಗುರುತು ಖಚಿತಪಡಿಸುವುದಷ್ಟೇ ಮುಖ್ಯವಾದರೆ ವರ್ಗಮೂಲದ 0.4 ಪಟ್ಟು. ಮೂಲ ಸರಿಯಾಗಿ ಗೊತ್ತಿಲ್ಲ ಅಥವಾ ಸರಕು ಒಂದೇ ಬಗೆಯದಲ್ಲ ಎಂಬ ಅನುಮಾನ ಇದ್ದರೆ ವರ್ಗಮೂಲದ 1.5 ಪಟ್ಟು. ನಿಮ್ಮ 81ಕ್ಕೆ ವರ್ಗಮೂಲ 9: ಕ್ರಮವಾಗಿ 10, 4, 14 ಕಾರ್ಟನ್. 36ಕ್ಕೆ ವರ್ಗಮೂಲ 6: 7, 3, 9. ಭಿನ್ನರಾಶಿ ಬಂದರೆ ಯಾವಾಗಲೂ ಮೇಲಕ್ಕೆ. ಈ ಸೂತ್ರಗಳು ಮುಖ್ಯವಾಗಿ ಕಚ್ಚಾವಸ್ತುವನ್ನು ಗಮನದಲ್ಲಿಟ್ಟು ಬಂದವು, ಸಿದ್ಧ ಮಾತ್ರೆಗೆ ಬಳಸುವಾಗ ಇವನ್ನು ಕನಿಷ್ಠ ಎಂದು ನೋಡಿ. ಮಧ್ಯವರ್ತಿಯ ಕೈ ಬದಲಾದ ಸರಕಾದರೆ ನಾನು 1.5 ಪಟ್ಟಿಗಿಂತ ಕಡಿಮೆ ಒಪ್ಪುವುದಿಲ್ಲ.

ಯಾವ ಕಾರ್ಟನ್ ಎಂಬುದನ್ನು ಮೊದಲೇ ಚೀಟಿ ಎತ್ತಿ ನಿರ್ಧರಿಸಿ. ಕೈಗೆ ಸಿಗುವ ಮುಂದಿನ ಸಾಲಿನಿಂದ ತೆಗೆಯುವುದೇ ಎಲ್ಲರೂ ಮಾಡುವ ತಪ್ಪು. ಅಸಲಿಯ ನಡುವೆ ನಕಲಿ ಸೇರಿಸುವವರು ಅದನ್ನು ಒಳಗಿನ ಸಾಲಿನಲ್ಲೇ ಇಡುತ್ತಾರೆ. ಕಂಟೈನರ್‌ನ ಛಾವಣಿಗೆ ಹತ್ತಿರವಿದ್ದವು, ನೀರು ತಗುಲಿದ ಗುರುತಿರುವವು, ಮತ್ತೆ ಟೇಪ್ ಹಾಕಿದವು ಇದ್ದರೆ ಚೀಟಿ ಲೆಕ್ಕಕ್ಕೆ ಹೊರತಾಗಿ ಅವನ್ನೂ ತೆಗೆಯಿರಿ, ಆದರೆ ಬೇರೆ ಸಂಖ್ಯೆ ಕೊಟ್ಟು ಬೇರೆಯೇ ಪರೀಕ್ಷಿಸಿ.

ಮಾತ್ರೆ ಲೆಕ್ಕ, ಬ್ಯಾಚ್ ಒಂದಕ್ಕೆ: ತೂಕಕ್ಕೆ 20 (ಇವೇ ಮುಂದೆ ಅಸ್ಸೇಗೆ, ಅಂದರೆ ಔಷಧದ ಪ್ರಮಾಣ ಅಳೆಯುವುದಕ್ಕೆ, ಪುಡಿಯಾಗುತ್ತವೆ), ಮಾತ್ರೆ ನೀರಿನಲ್ಲಿ ಬಿಚ್ಚಿಕೊಳ್ಳುವ ಪರೀಕ್ಷೆಗೆ 6, ಡಿಸಲ್ಯೂಷನ್ (ಔಷಧ ಎಷ್ಟು ಕರಗುತ್ತದೆ ಎಂಬ ಪರೀಕ್ಷೆ) ಮೂರೂ ಹಂತ ಮುಟ್ಟಿದರೆ 24. ಈ ಜೋಡಿ ಔಷಧಕ್ಕೆ ಎರಡು ಬೇರೆ ದ್ರಾವಣದಲ್ಲಿ ಡಿಸಲ್ಯೂಷನ್ ಮಾಡಬೇಕಾದ್ದರಿಂದ ಅದು 48. ಮಾತ್ರೆಯಿಂದ ಮಾತ್ರೆಗೆ ಪ್ರಮಾಣ ನೋಡಲು 10, ಅನುಮಾನ ಬಂದರೆ ಇನ್ನೂ 20. ಟಿಎಲ್‌ಸಿಗೆ 6. ಒಟ್ಟು 110. ಅಂದರೆ 24ರ ಪ್ಯಾಕ್ ಐದು. ಅಷ್ಟೇ ಇನ್ನೊಂದು ಜೊತೆ ಮೊಹರು ಹಾಕಿ ಪಕ್ಕಕ್ಕಿಡಿ. ತಕರಾರು ಬಂದಾಗ ಮಾತಾಡುವುದು ಈ ಎರಡನೇ ಜೊತೆಯೇ. ಬ್ಲಿಸ್ಟರ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ.

ಎರಡನೇ ಪ್ರಶ್ನೆಗೆ: 20 ಮಾತ್ರೆ ಬೆರೆಸಿದರೆ ಸರಾಸರಿ ಸಿಗುತ್ತದೆ. 20ರಲ್ಲಿ 3 ಖಾಲಿ ಮಾತ್ರೆ ಇದ್ದರೂ ಪುಡಿಯಲ್ಲಿ 85% ಔಷಧ ಇರುತ್ತದೆ, ಪ್ಲೇಟ್ ಮೇಲೆ ಪಾಸ್ ಆಗುತ್ತದೆ. ಆ ಮೂರನ್ನು ನುಂಗುವ ರೋಗಿಗೆ ಸರಾಸರಿಯಿಂದ ಏನು ಪ್ರಯೋಜನ? ಬೇರೆಬೇರೆ ಕಾರ್ಟನ್‌ನ ಬಿಡಿ ಮಾತ್ರೆ ಒಂದೊಂದಾಗಿಯೇ ಮಾಡಿ.

ಇನ್ನು ಕಣ್ಣಿನ ಪರೀಕ್ಷೆ. ಇದಕ್ಕೆ ಅರ್ಧ ದಿನ ಕೊಡಿ, ಧಾರಾಳವಾಗಿ ಕೊಡಿ. ಕಾರ್ಟನ್, ಪೆಟ್ಟಿಗೆ, ಬ್ಲಿಸ್ಟರ್ ಮೂರರ ಮೇಲೂ ಬ್ಯಾಚ್ ಸಂಖ್ಯೆ ಮತ್ತು ದಿನಾಂಕ ಒಂದೇ ಇರಬೇಕು, ವಿಶ್ಲೇಷಣಾ ಪ್ರಮಾಣಪತ್ರದಲ್ಲೂ ಅದೇ ಇರಬೇಕು. ಆ ಪತ್ರದಲ್ಲಿ ಪ್ರತಿ ಪರೀಕ್ಷೆಯ ಎದುರು ಅಂಕಿ ಇರಬೇಕು. ಬರೀ ‘ಹೊಂದುತ್ತದೆ’ ಎಂದಿದ್ದರೆ ತಯಾರಕರಿಂದಲೇ ನೇರವಾಗಿ ಇನ್ನೊಂದು ಪ್ರತಿ ತರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರೀಕ್ವಾಲಿಫಿಕೇಶನ್ ಪಟ್ಟಿಯಲ್ಲಿ (ಮೊದಲೇ ಪರಿಶೀಲಿಸಿ ಒಪ್ಪಿದ ಔಷಧಗಳ ಪಟ್ಟಿ) ಕಂಪನಿಯ ಹೆಸರು ಇದ್ದರೆ ಸಾಲದು, ಆ ಉತ್ಪನ್ನ, ಆ ಪ್ರಮಾಣ, ಆ ಕಾರ್ಖಾನೆಯ ವಿಳಾಸ ಮೂರೂ ಹೊಂದಬೇಕು.

ಮಾತ್ರೆ ಮುರಿದು ನೋಡಿ. ಲುಮೆಫ್ಯಾಂಟ್ರಿನ್ ಸಹಜವಾಗಿಯೇ ಹಳದಿ ಪುಡಿ, ಹಾಗಾಗಿ ಒಳಗೂ ಹೊರಗೂ ಒಂದೇ ಹಳದಿ ಇರಬೇಕು. ಮೇಲೆ ಹಳದಿ ಒಳಗೆ ಬಿಳಿ, ಅಥವಾ ಚುಕ್ಕೆಚುಕ್ಕೆ ಬಣ್ಣ ಕಂಡರೆ ಅಲ್ಲೇ ನಿಲ್ಲಿಸಿ. ಮಾತ್ರೆಯ ಮೇಲಿನ ಅಚ್ಚೂ ನೋಡಿ. ಉದಾಹರಣೆಗೆ ಕೋಆರ್ಟೆಮ್ (ಇದೇ ಜೋಡಿ ಔಷಧದ ಒಂದು ಬ್ರ್ಯಾಂಡ್) ಮಾತ್ರೆಯ ಒಂದು ಬದಿ ‘ಎನ್/ಸಿ’, ಇನ್ನೊಂದು ಬದಿ ‘ಸಿಜಿ’ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಲಾಂಛನ, ಹಾಲೊಗ್ರಾಮ್ ನೋಡಿ ಸಮಾಧಾನಪಡಬೇಡಿ. ಆಗ್ನೇಯ ಏಷ್ಯಾದಲ್ಲಿ ಆರ್ಟಿಸುನೇಟ್ ನಕಲಿಗಳಿಗೆ ಹತ್ತಕ್ಕೂ ಹೆಚ್ಚು ಬಗೆಯ ನಕಲಿ ಹಾಲೊಗ್ರಾಮ್ ಇದ್ದವು. ಆಫ್ರಿಕಾದಲ್ಲಿ ಸಬ್ಸಿಡಿ ಔಷಧದ ಹಸಿರು ಎಲೆ ಗುರುತನ್ನೂ ನಕಲು ಮಾಡಿದ್ದಾರೆ. 2012ರಲ್ಲಿ ಅಂಗೋಲಾದ ಲುವಾಂಡಾ ಬಂದರಿನಲ್ಲಿ ಧ್ವನಿವರ್ಧಕಗಳ ಸರಕಿನೊಳಗೆ 14 ಲಕ್ಷ ಪ್ಯಾಕ್ ನಕಲಿ ಕೋಆರ್ಟೆಮ್ ಸಿಕ್ಕಿತ್ತು. ಇದು ಸಣ್ಣ ಕಳ್ಳರ ಕೆಲಸವಲ್ಲ, ಮುದ್ರಣ ಚೆನ್ನಾಗಿಯೇ ಇರುತ್ತದೆ.

---

ತೆಳುಪದರ ಉತ್ತರ:

ಮೇಲಿನವರು ಹೇಳಿದ ಮೇಲೆ ನಾನು ಪ್ಲೇಟ್‌ಗಷ್ಟೇ ಬರುತ್ತೇನೆ. ಮಿನಿಲ್ಯಾಬ್ ಒಳ್ಳೆಯ ಸಾಧನ, ಅದರ ಹೆಸರು ಕೆಡುವುದು ಅವಸರದ ಕೆಲಸದಿಂದ.

ಮೊದಲು ಸ್ಪಾಟ್‌ನಲ್ಲಿ ಎಷ್ಟು ಔಷಧ ಇರುತ್ತದೆ ನೋಡಿ. 50 ಮಿ.ಗ್ರಾಂ. ಆರ್ಟಿಸುನೇಟ್ ಮಾತ್ರೆಯನ್ನು 10 ಮಿ.ಲೀ. ಮೆಥನಾಲ್‌ನಲ್ಲಿ ತೆಗೆದರೆ ಮಿ.ಲೀ.ಗೆ 5 ಮಿ.ಗ್ರಾಂ. ಅದರ 2 ಮೈಕ್ರೊಲೀಟರ್ ಎಂದರೆ 10 ಮೈಕ್ರೊಗ್ರಾಂ. ಅಷ್ಟೇ ಔಷಧವಿರುವ ರೆಫರೆನ್ಸ್ (ಹೋಲಿಕೆಯ) ಮಾತ್ರೆಯನ್ನು 12.5 ಮಿ.ಲೀ.ನಲ್ಲಿ ತೆಗೆದರೆ 80% ಸ್ಟ್ಯಾಂಡರ್ಡ್, ಸ್ಪಾಟ್‌ನಲ್ಲಿ 8 ಮೈಕ್ರೊಗ್ರಾಂ. 10 ಮತ್ತು 8ರ ನಡುವಿನ ವ್ಯತ್ಯಾಸವನ್ನು ನಿಮ್ಮ ಕಣ್ಣು ಹೇಳಬೇಕು. ಕ್ಯಾಪಿಲರಿಯಲ್ಲಿ (ಸ್ಪಾಟ್ ಹಾಕುವ ಸಣ್ಣ ನಳಿಕೆ) ಒಂದು ಗುಳ್ಳೆ ಸಿಕ್ಕಿಕೊಂಡರೆ ಅಷ್ಟು ವ್ಯತ್ಯಾಸ ತಾನಾಗಿಯೇ ಬರುತ್ತದೆ! ಅದಕ್ಕೇ ಪ್ರತಿ ಪ್ಲೇಟ್‌ನಲ್ಲೂ 100% ಒಂದು ಅಂಚಿಗೆ, 80% ಇನ್ನೊಂದು ಅಂಚಿಗೆ, ನಡುವೆ ಸ್ಯಾಂಪಲ್. ಐದಕ್ಕಿಂತ ಹೆಚ್ಚು ಸ್ಪಾಟ್ ತುರುಕಬೇಡಿ.

ಮಾತ್ರೆಯನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಪುಡಿ ಮಾಡಿ, ಹಾಳೆಯ ಮಡಿಕೆಯಲ್ಲಿ ಉಳಿದದ್ದನ್ನೂ ಕೊಡವಿ ಪೂರ್ತಿ ಬಾಟಲಿಗೆ ಹಾಕಿ. ಅರ್ಧ ಮಾತ್ರೆ, ಅಂದಾಜಿನ ಚಿಟಿಕೆ ಬೇಡ. ದ್ರಾವಕ ಅಳೆದು ಹಾಕಿ, ಮುಚ್ಚಿ, ಮೂರು ನಿಮಿಷ ಬಿಡದೆ ಕುಲುಕಿ. ಆಮೇಲೆ ಐದು ನಿಮಿಷ ಸುಮ್ಮನೆ ಬಿಡಿ. ಮೇಲಿನ ತಿಳಿಯನ್ನೇ ತೆಗೆಯಬೇಕು. ಪಿಷ್ಟದ ಕಣ ಕ್ಯಾಪಿಲರಿಗೆ ಹೋದರೆ ಪ್ರಮಾಣ ಕೈಕೊಡುತ್ತದೆ.

ನಿಮ್ಮ ಜೋಡಿ ಮಾತ್ರೆಯಲ್ಲಿ ಇನ್ನೊಂದು ತೊಡಕು. ಎರಡರ ಅನುಪಾತ 1:6. ಆರ್ಟಿಮೆಥರ್ ಕಾಣುವಷ್ಟು ಗಾಢ ದ್ರಾವಣ ಹಾಕಿದರೆ ಲುಮೆಫ್ಯಾಂಟ್ರಿನ್ ಆರು ಪಟ್ಟು ಬಿದ್ದು ಯುವಿ ಕೆಳಗೆ ಕಪ್ಪು ಗುಡ್ಡೆಯಾಗುತ್ತದೆ. ಅಷ್ಟು ಗಾಢವಾದ ಗುಡ್ಡೆಯಲ್ಲಿ 20% ಕೊರತೆ ಯಾರ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಒಂದೇ ಸಾರದಿಂದ ಎರಡು ಪ್ಲೇಟ್ ಮಾಡಿ: ಆರ್ಟಿಮೆಥರ್‌ಗೆ ಗಾಢವಾದದ್ದು, ಲುಮೆಫ್ಯಾಂಟ್ರಿನ್‌ಗೆ ತೆಳು ಮಾಡಿದ್ದು. ಸ್ಟ್ಯಾಂಡರ್ಡ್‌ಗಳನ್ನೂ ಅದೇ ಪ್ರಮಾಣದಲ್ಲಿ ತೆಳು ಮಾಡಿ.

ಪ್ಲೇಟ್‌ನ ತಳದಿಂದ 1.5 ಸೆಂ.ಮೀ. ಮೇಲೆ ಪೆನ್ಸಿಲ್ ಗೆರೆ. ಪೆನ್ ಬೇಡ, ಶಾಯಿಯೂ ಓಡುತ್ತದೆ. ಕ್ಯಾಪಿಲರಿ ತುದಿಯಿಂದ ಸಿಲಿಕಾ ಗೀರಬಾರದು. ಹಾಕಿದ ಮೇಲೆ ಲುಮೆಫ್ಯಾಂಟ್ರಿನ್ ಪ್ಲೇಟನ್ನು 254 ನ್ಯಾನೊಮೀಟರ್ ಯುವಿಯಲ್ಲಿ ಹಿಡಿದು ನೋಡಿ: ಸ್ಪಾಟ್‌ಗಳು ದುಂಡಗೆ, ಒಂದೇ ಗಾತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಆ ಪ್ಲೇಟ್ ಬಿಟ್ಟು ಹೊಸದು ತೆಗೆದುಕೊಳ್ಳಿ, ಓಡಿಸಿ ನೋಡೋಣ ಎನ್ನಬೇಡಿ. ಜಾರ್‌ನ ಗೋಡೆಗೆ ಫಿಲ್ಟರ್ ಕಾಗದ ಒರಗಿಸಿ, ದ್ರಾವಕ ಸುರಿದು 15 ನಿಮಿಷ ಮುಚ್ಚಿಡಿ. ಈ ಹೊತ್ತು ಕೊಡದಿದ್ದರೆ ಅಂಚಿನ ಸ್ಪಾಟ್‌ಗಳು ನಡುವಿನವಕ್ಕಿಂತ ಮೇಲೆ ಹೋಗುತ್ತವೆ, ನೀವು ‘ಬೇರೆ ಔಷಧ’ ಎಂದು ಗಾಬರಿಯಾಗುತ್ತೀರಿ. ದ್ರಾವಕದ ಮಟ್ಟ ಪೆನ್ಸಿಲ್ ಗೆರೆಗಿಂತ ಕೆಳಗಿರಬೇಕು, ಮೇಲಿದ್ದರೆ ಸ್ಪಾಟ್ ತೊಳೆದು ಹೋಗುತ್ತದೆ.

ಆರ್ಟಿಮೆಥರ್, ಆರ್ಟಿಸುನೇಟ್ ಅಣುಗಳಿಗೆ ಯುವಿ ಹೀರುವ ಭಾಗ ಇಲ್ಲದಷ್ಟು ಕಡಿಮೆ. 254ರಲ್ಲಿ ಏನೂ ಕಾಣಲಿಲ್ಲ ಎಂದು ‘ಖಾಲಿ ಮಾತ್ರೆ’ ಅಂತ ಬರೆದವರಿದ್ದಾರೆ. ಮೆಥನಾಲ್‌ನಲ್ಲಿ ಕಲಸಿದ ಗಂಧಕಾಮ್ಲದಲ್ಲಿ ಪ್ಲೇಟ್ ಅದ್ದಿ, ಹೆಚ್ಚಿನದನ್ನು ಹಿಂಬದಿಯಿಂದ ಒರೆಸಿ, ಒಣಗಿಸಿ, ಬಿಸಿ ತಟ್ಟೆಯ ಮೇಲಿಟ್ಟಾಗಲೇ ಅವು ಮೇಲೇಳುವುದು. ಆಮ್ಲವನ್ನು ತಣ್ಣನೆಯ ಮೆಥನಾಲ್‌ಗೆ ಹನಿಹನಿಯಾಗಿ ಸೇರಿಸಬೇಕು, ತಿರುಗಾಮುರುಗಾ ಮಾಡಬಾರದು. ಕನ್ನಡಕ, ಕೈಗವಸು ಕಡ್ಡಾಯ. ಬಿಸಿ ಹೆಚ್ಚಾದರೆ ಇಡೀ ಪ್ಲೇಟ್ ಕಂದುಗಟ್ಟುತ್ತದೆ. ಕಾದ ಬಣ್ಣ ನಿಲ್ಲುವುದಿಲ್ಲ, ಕೂಡಲೇ ಫೋಟೊ ತೆಗೆಯಿರಿ. ಓದುವುದಕ್ಕೆ ಇನ್ನೊಬ್ಬರನ್ನು ಕರೆಯಿರಿ, ಯಾವ ಸಾಲು ಯಾವುದು ಎಂದು ಹೇಳಬೇಡಿ. ನಿರೀಕ್ಷೆ ಇಟ್ಟುಕೊಂಡ ಕಣ್ಣಿಗೆ ಮಸುಕು ಸ್ಪಾಟ್ ಕೂಡ ಗಾಢವಾಗಿ ಕಾಣುತ್ತದೆ.

ಒಂದು ಎಚ್ಚರಿಕೆ: ಆರ್ಟಿಸುನೇಟ್ ಮಾತ್ರೆಗೆ ಫಾಸ್ಟ್ ರೆಡ್ ಟಿಆರ್ ಬಣ್ಣದ ಪರೀಕ್ಷೆ ಹಲವರಿಗೆ ಗೊತ್ತು. ಮಾತ್ರೆಯ ಚೂರು ಕೆರೆದು, ಕ್ಷಾರದಲ್ಲಿ ಒಡೆದು, ಬಣ್ಣ ಸೇರಿಸಿದರೆ ಹಳದಿ. ಚೆನ್ನಾದ ಪರೀಕ್ಷೆ. ಆದರೆ ನಕಲಿ ಮಾಡುವವರು ಅದಕ್ಕೂ ದಾರಿ ಕಂಡುಕೊಂಡರು: ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್, ಥಾಯ್ ಗಡಿಯಿಂದ ಸಂಗ್ರಹಿಸಿ 2008ರಲ್ಲಿ ವರದಿಯಾದ 391 ಸ್ಯಾಂಪಲ್‌ಗಳಲ್ಲಿ 195 ನಕಲಿ, ಅವುಗಳಲ್ಲಿ ಕೆಲವಕ್ಕೆ ಸ್ವಲ್ಪ ಆರ್ಟಿಸುನೇಟ್ ಬೆರೆಸಿದ್ದರು. ಇರಬೇಕಾದದ್ದು ಸುಮಾರು 50 ಮಿ.ಗ್ರಾಂ., ಇದ್ದದ್ದು ಹೆಚ್ಚೆಂದರೆ 12.1. ಹಳದಿ ಬರುತ್ತದೆ, ರೋಗ ಹೋಗುವುದಿಲ್ಲ. ಅಷ್ಟು ಕಡಿಮೆ ಔಷಧಕ್ಕೆ ಸಿಕ್ಕಿದ ಪರಾವಲಂಬಿ ಸಾಯದೆ ನಿರೋಧಕ ಶಕ್ತಿ ಬೆಳೆಸಿಕೊಳ್ಳುವ ಅಪಾಯವೂ ಸೇರಿಕೊಳ್ಳುತ್ತದೆ. ಹಾಗಾಗಿ ಬಣ್ಣ ಬಂತೇ ಎಂದಲ್ಲ, ಸ್ಟ್ಯಾಂಡರ್ಡ್ ಪಕ್ಕದಲ್ಲಿಟ್ಟು ಎಷ್ಟು ಬಂತು ಎಂದು ನೋಡಿ.

---

ರೋಹಿತ_ರೇಖೆ ಉತ್ತರ:

ಮೂರನೇ ಪ್ರಶ್ನೆಗೆ ಚಿಕ್ಕ ಉತ್ತರ: ರಾಮನ್ ಮೊದಲ ಜರಡಿ, ಟಿಎಲ್‌ಸಿಗೆ ಬದಲಿ ಅಲ್ಲ.

ಅದರ ಲಾಭ ಎಂದರೆ ಪಾರದರ್ಶಕ ಬ್ಲಿಸ್ಟರ್ ಮೂಲಕವೇ ಓದುತ್ತದೆ, ಮಾತ್ರೆ ಹಾಳಾಗುವುದಿಲ್ಲ, ಒಂದು ಗಂಟೆಯಲ್ಲಿ ಹತ್ತಾರು ಪ್ಯಾಕ್ ನೋಡಬಹುದು. ಎರಡೂ ಬದಿ ಅಲ್ಯುಮಿನಿಯಂ ಇದ್ದರೆ ಬಿಡಿಸಲೇಬೇಕು. ಯಂತ್ರದೊಳಗೆ ಅದೇ ತಯಾರಕರ ಅಸಲಿ ಮಾತ್ರೆಯ ರೋಹಿತ (ಬೆಳಕಿನ ಗೆರೆಗಳ ನಮೂನೆ) ಇರಬೇಕು. ಬೇರೆ ಕಂಪನಿಯದಕ್ಕೆ ಹೋಲಿಸಿದರೆ ಸಹದ್ರವ್ಯ (ಮಾತ್ರೆಯಲ್ಲಿನ ಔಷಧವಲ್ಲದ ಪದಾರ್ಥ) ಬೇರೆ ಎಂಬ ಕಾರಣಕ್ಕೆ ಒಳ್ಳೆಯ ಮಾತ್ರೆಯೂ ಫೇಲ್ ಆಗುತ್ತದೆ. ಕ್ವಿನೈನ್‌ನಂಥವು ತಾವೇ ಹೊಳೆಯುವುದರಿಂದ ರಾಮನ್ ಗೆರೆಗಳು ಮುಳುಗಿ ಹೋಗುತ್ತವೆ, ಬಣ್ಣದ ಲೇಪನವೂ ಹಾಗೆಯೇ ಕಾಟ ಕೊಡುತ್ತದೆ.

ನಿಮ್ಮ ಮಾತ್ರೆಯಲ್ಲಿ ದೊಡ್ಡ ಕುರುಡು ಜಾಗ ಇದು. ಮಾತ್ರೆ 240 ಮಿ.ಗ್ರಾಂ. ತೂಗುತ್ತದೆ ಎಂದಿಟ್ಟುಕೊಳ್ಳಿ: ಲುಮೆಫ್ಯಾಂಟ್ರಿನ್ ಅರ್ಧ ಭಾಗ, ಆರ್ಟಿಮೆಥರ್ ಬರೀ 8% ಚಿಲ್ಲರೆ. ಯಂತ್ರ ನೋಡುವುದೆಲ್ಲ ಲುಮೆಫ್ಯಾಂಟ್ರಿನ್‌ನ ಮುಖ. ಆರ್ಟಿಮೆಥರ್ ಪೂರ್ತಿ ಇಲ್ಲದಿದ್ದರೂ ‘ಪಾಸ್’ ತೋರಿಸಬಹುದು. ಆದ್ದರಿಂದ ರಾಮನ್‌ನಲ್ಲಿ ಫೇಲ್ ಆದದ್ದನ್ನು ಮೊದಲು ಪ್ಲೇಟ್‌ಗೆ ಹಾಕಿ, ಪಾಸ್ ಆದದ್ದನ್ನೂ ಬಿಡಬೇಡಿ.

---

ಕಾಲಮ್_ಸಿ18 ಉತ್ತರ:

ಹೊರಗಿನ ಲ್ಯಾಬ್‌ನ ಹಣವನ್ನು ಎಲ್ಲಿ ಹಾಕಬೇಕು ಎಂಬುದೇ ನಿಜವಾದ ಪ್ರಶ್ನೆ. ನನ್ನ ಅಭಿಪ್ರಾಯ: ಪ್ರತಿ ಬ್ಯಾಚ್‌ಗೆ ಅಸ್ಸೇ ಮತ್ತು ಡಿಸಲ್ಯೂಷನ್ ಮಾಡಿಸಿ, ಗುರುತು, ತೂಕ, ಬಿಚ್ಚಿಕೊಳ್ಳುವಿಕೆ ನೀವೇ ಮುಗಿಸಿ.

ತೂಕವನ್ನು ಹಗುರಾಗಿ ತಿಳಿಯಬೇಡಿ. 20 ಮಾತ್ರೆಯನ್ನು ಒಂದೊಂದಾಗಿ ತೂಗಿ. ಸರಾಸರಿ 80ರಿಂದ 250 ಮಿ.ಗ್ರಾಂ. ನಡುವೆ ಇದ್ದರೆ ಎರಡಕ್ಕಿಂತ ಹೆಚ್ಚು ಮಾತ್ರೆ 7.5% ಮೀರಬಾರದು, ಒಂದೂ 15% ಮೀರಬಾರದು. 250ಕ್ಕಿಂತ ಹೆಚ್ಚಿದ್ದರೆ 5% ಮತ್ತು 10%. ಇದಕ್ಕೆ ತಕ್ಕಡಿ ಬಿಟ್ಟರೆ ಏನೂ ಖರ್ಚಿಲ್ಲ. ಬಿಚ್ಚಿಕೊಳ್ಳುವಿಕೆಗೆ 37 ಡಿಗ್ರಿಯ ನೀರು, ಮಿನಿಲ್ಯಾಬ್ ವಿಧಾನದಲ್ಲಿ 30 ನಿಮಿಷದ ಮಿತಿ. ನೀರು ತಣ್ಣಗಾಗದಂತೆ ಥರ್ಮಾಮೀಟರ್ ಒಳಗೇ ಇರಲಿ.

ಬಿಚ್ಚಿಕೊಂಡಿತು ಎಂದರೆ ಕರಗಿತು ಎಂದಲ್ಲ. ಮಾತ್ರೆ ಪುಡಿಯಾಗಿ ತಳಕ್ಕೆ ಬಿದ್ದು ಔಷಧ ಕಣದೊಳಗೇ ಉಳಿಯಬಹುದು. ಸಲ್ಫಡಾಕ್ಸಿನ್-ಪೈರಿಮೆಥಮಿನ್ (ಇನ್ನೊಂದು ಮಲೇರಿಯಾ ಔಷಧ) ಮಾತ್ರೆಯಲ್ಲಿ ಇದು ಹಳೆಯ ಕಾಯಿಲೆ: ಅಸ್ಸೇಯಲ್ಲಿ ಎರಡೂ ಪೂರ್ತಿ ಇರುತ್ತವೆ, ಡಿಸಲ್ಯೂಷನ್‌ನಲ್ಲಿ ಫೇಲ್. ಅಮೆರಿಕದ ಫಾರ್ಮಕೊಪಿಯಾ ಪ್ರಕಾರ 6.8 ಪಿಎಚ್‌ನ ಫಾಸ್ಫೇಟ್ ಬಫರ್ 1000 ಮಿ.ಲೀ., ಪ್ಯಾಡಲ್ ನಿಮಿಷಕ್ಕೆ 75 ಸುತ್ತು, 30 ನಿಮಿಷದಲ್ಲಿ ಎರಡೂ ಕನಿಷ್ಠ 60% ಕರಗಬೇಕು.

ಲುಮೆಫ್ಯಾಂಟ್ರಿನ್ ನೀರಿಗೆ ಒಗ್ಗದ ಅಣು. ಅದರ ಡಿಸಲ್ಯೂಷನ್‌ಗೆ ಆಮ್ಲದ ಜೊತೆ ಬೆಂಜಾಲ್ಕೋನಿಯಂ ಕ್ಲೋರೈಡ್‌ನಂಥ ಸರ್ಫ್ಯಾಕ್ಟಂಟ್ (ಸಾಬೂನಿನ ಹಾಗೆ ಕರಗಿಸಲು ನೆರವಾಗುವ ಪದಾರ್ಥ) ಬೇಕು. ಅದೇ ಆಮ್ಲದಲ್ಲಿ ಆರ್ಟಿಮೆಥರ್ ಒಡೆಯುತ್ತದೆ. ಎರಡಕ್ಕೂ ಬೇರೆ ದ್ರಾವಣ ಬೇಕಾಗುವುದು ಇದಕ್ಕೇ. ಲ್ಯಾಬ್‌ನವರು ಒಂದೇ ಪಾತ್ರೆಯಲ್ಲಿ ಎರಡನ್ನೂ ಅಳೆದು ಕೊಟ್ಟರೆ ಯಾವ ವಿಧಾನ ಎಂದು ಕೇಳಿ.

ಅಸ್ಸೇಯಲ್ಲೂ ಇದೇ ಜಗಳ. ಆರ್ಟಿಮೆಥರ್ ಕಾಣಲು 210 ನ್ಯಾನೊಮೀಟರ್‌ಗೆ ಇಳಿಯಬೇಕು, ಲುಮೆಫ್ಯಾಂಟ್ರಿನ್ 380ರಲ್ಲೂ ಸ್ಪಷ್ಟ. ಒಂದೇ ಓಟದಲ್ಲಿ ನಡುವೆ ತರಂಗಾಂತರ ಬದಲಿಸುತ್ತಾರೆ. 210ರಲ್ಲಿ ದ್ರಾವಕದ ಕೊಳೆಯೂ ಕಾಣುತ್ತದೆ, ಕಡಿಮೆ ದರ್ಜೆಯ ಅಸಿಟೊನೈಟ್ರೈಲ್ ಹಾಕಿದರೆ ತಳರೇಖೆ ಏರುಪೇರಾಗಿ ಆರ್ಟಿಮೆಥರ್ ಅಂಕಿ ನಂಬುವಂತಿರುವುದಿಲ್ಲ. ವರದಿಯ ಜೊತೆ ಕ್ರೊಮ್ಯಾಟೊಗ್ರಾಮ್ (ಪ್ರತಿ ಪದಾರ್ಥ ಒಂದು ಶಿಖರವಾಗಿ ಕಾಣುವ ನಕ್ಷೆ) ಕೇಳಿ ಪಡೆಯಿರಿ. ಲ್ಯಾಬ್‌ಗೆ ಐಎಸ್‌ಒ 17025 (ಪರೀಕ್ಷಾ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇದ್ದರೆ ಸಾಲದು, ಈ ಪರೀಕ್ಷೆ ಆ ಮಾನ್ಯತೆಯ ವ್ಯಾಪ್ತಿಯಲ್ಲಿ ಇದೆಯೇ ನೋಡಿ.

ಪ್ರೀಕ್ವಾಲಿಫಿಕೇಶನ್ ಏಕೆ ಮುಖ್ಯ ಎನ್ನುವುದಕ್ಕೆ ಒಂದು ಅಂಕಿ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾಮರೂನ್, ಇಥಿಯೋಪಿಯಾ, ಘಾನಾ, ಕೆನ್ಯಾ, ನೈಜೀರಿಯಾ, ಟಾಂಜಾನಿಯಾಗಳಿಂದ ಮಲೇರಿಯಾ ಔಷಧ ಸಂಗ್ರಹಿಸಿತು. ಲ್ಯಾಬ್‌ನಲ್ಲಿ ಪೂರ್ತಿ ಪರೀಕ್ಷಿಸಿದ 267ರಲ್ಲಿ 28.5% ಫೇಲ್. ಪ್ರೀಕ್ವಾಲಿಫೈಡ್ ಉತ್ಪನ್ನಗಳಲ್ಲಿ ಮಾತ್ರ ಆ ಪ್ರಮಾಣ 4%ಗಿಂತ ಕಡಿಮೆ.

---

ಉಗ್ರಾಣ_ಫಾರ್ಮಸಿ:

ಎಲ್ಲರಿಗೂ ತುಂಬಾ ಧನ್ಯವಾದ. ಹೇಳಿದ ಹಾಗೆ ಬಿಡಿ ಮಾತ್ರೆಗಳಲ್ಲೇ ಮಾಡಿದೆ. 81 ಕಾರ್ಟನ್‌ನ ಬ್ಯಾಚ್ ಪ್ಲೇಟ್‌ನಲ್ಲಿ ಸರಿ. 36ರ ಬ್ಯಾಚ್‌ನಲ್ಲಿ ಲುಮೆಫ್ಯಾಂಟ್ರಿನ್ 100%ಕ್ಕೆ ಸಮ, ಆರ್ಟಿಮೆಥರ್ ಸ್ಪಾಟ್ ಮಾತ್ರ 80 ಮತ್ತು 100ರ ನಡುವೆ, 80ಕ್ಕೇ ಹತ್ತಿರ. ಬಿಚ್ಚಿಕೊಳ್ಳುವಿಕೆ ಸರಿಯಿದೆ. ತಾಪಮಾನ ಲಾಗರ್ (ದಾರಿಯ ಬಿಸಿಯನ್ನು ದಾಖಲಿಸುವ ಸಾಧನ) ಈ ಬ್ಯಾಚ್‌ನ ಪ್ಯಾಲೆಟ್‌ನಲ್ಲಿ ಇರಲಿಲ್ಲ. ಇದನ್ನು ಪಾಸ್ ಎನ್ನಲೇ, ಫೇಲ್ ಎನ್ನಲೇ?

---

ಕಾಲಮ್_ಸಿ18:

ಎರಡೂ ಅಲ್ಲ, ‘ಅನುಮಾನ’ ಎಂದು ಬರೆದು ಕ್ವಾರಂಟೈನ್‌ನಲ್ಲೇ ಇಡಿ. ಸಾಮಾನ್ಯವಾಗಿ ಮಿತಿ ಲೇಬಲ್‌ನ ಪ್ರಮಾಣದ 90ರಿಂದ 110%. ಪ್ಲೇಟ್‌ನಲ್ಲಿ 80 ದಾಟಿದೆ ಎಂದ ಮಾತ್ರಕ್ಕೆ 90 ದಾಟಿಲ್ಲ. ಅದೇ ಸಾರವನ್ನು ಮತ್ತೆ ಓಡಿಸುವ ಬದಲು ಅದೇ ಪ್ಯಾಕ್‌ನ ಇನ್ನೆರಡು ಮಾತ್ರೆ, ಬೇರೆ ಕಾರ್ಟನ್‌ನ ಎರಡು ಮಾತ್ರೆ ಹೊಸದಾಗಿ ತೆಗೆಯಿರಿ. ರೆಫರೆನ್ಸ್ ಮಾತ್ರೆಯ ಅವಧಿ ಮತ್ತು ಅದನ್ನು ಇಟ್ಟ ಜಾಗವನ್ನೂ ಪರಿಶೀಲಿಸಿ. ರೆಫರೆನ್ಸ್ ಕೆಟ್ಟಿದ್ದರೆ ಕೆಟ್ಟ ಸ್ಯಾಂಪಲ್ ಕೂಡ ಅದಕ್ಕೆ ಹೊಂದುತ್ತದೆ. ನಿಮ್ಮಲ್ಲಿ ಇನ್ನೊಂದು ಬ್ಯಾಚ್ ಅದೇ ರೆಫರೆನ್ಸ್‌ಗೆ ಸಮ ಬಂದಿರುವುದು ಒಂದು ಆಧಾರ, ಆದರೆ ಪೂರ್ತಿ ಆಧಾರ ಅಲ್ಲ.

ಮತ್ತೆ ಹಾಗೇ ಬಂದರೆ ಲ್ಯಾಬ್‌ಗೆ ಕಳಿಸುವಾಗ ಅಸ್ಸೇ ಜೊತೆ ಸಂಬಂಧಿತ ಕಲ್ಮಶಗಳ ಪರೀಕ್ಷೆ ಮತ್ತು 10 ಬಿಡಿ ಮಾತ್ರೆಯ ಪ್ರಮಾಣವನ್ನೂ ಕೇಳಿ. ಕಾರಣ ತಿಳಿಯುವುದು ಅವುಗಳಿಂದ. ಆರ್ಟಿಮೆಥರ್ ಕಡಿಮೆ, ಒಡೆದ ಪದಾರ್ಥಗಳ ಶಿಖರ ಹೆಚ್ಚು ಎಂದಾದರೆ ಬಿಸಿ ಅಥವಾ ತೇವದಲ್ಲಿ ಕೆಟ್ಟಿದೆ. ಕಡಿಮೆ ಇದೆ, ಆದರೆ ಒಡೆದದ್ದು ಏನೂ ಇಲ್ಲ ಎಂದಾದರೆ ತಯಾರಿಸುವಾಗಲೇ ಕಡಿಮೆ ಹಾಕಿದ್ದಾರೆ. ಹತ್ತು ಮಾತ್ರೆಯಲ್ಲಿ ಒಂದು 75, ಇನ್ನೊಂದು 112 ಹೀಗೆ ಚೆದುರಿದ್ದರೆ ಮಿಶ್ರಣ ಸರಿಯಾಗಿಲ್ಲ. ಪ್ರಮಾಣ ಚಿಕ್ಕದಿರುವ ಔಷಧಕ್ಕೆ ಈ ದೋಷ ಬೇಗ ಅಂಟುತ್ತದೆ. ಲುಮೆಫ್ಯಾಂಟ್ರಿನ್ ಕೂಡ ಅದೇ ಪ್ರಮಾಣದಲ್ಲಿ ಕುಸಿದಿದ್ದರೆ ಮೊದಲು ಮಾತ್ರೆಯ ತೂಕ, ಆಮೇಲೆ ಲ್ಯಾಬ್‌ನ ಸಾರ ತೆಗೆಯುವ ವಿಧಾನ ನೋಡಬೇಕು. ಒಂದು ಸೂಕ್ಷ್ಮ: ಆರ್ಟಿಮೆಥರ್ ಒಡೆದಾಗ ಬರುವವು ಯುವಿಯಲ್ಲಿ ಒಂದೇ ಬಲದಲ್ಲಿ ಕಾಣುವುದಿಲ್ಲ. ಶಿಖರ ಚಿಕ್ಕದು ಎಂದರೆ ಪದಾರ್ಥ ಕಡಿಮೆ ಎಂದು ಲೆಕ್ಕ ಹಾಕಬೇಡಿ.

ಲಾಗರ್ ಇಲ್ಲದಿರುವುದು ನಿಮ್ಮ ಕೈ ಕಟ್ಟುತ್ತದೆ. ಲೇಬಲ್‌ನಲ್ಲಿ 30 ಡಿಗ್ರಿಗಿಂತ ಕಡಿಮೆ ಎಂದಿದ್ದು, ಬಿಸಿಲಲ್ಲಿ ನಿಂತ ಕಂಟೈನರ್‌ನ ಛಾವಣಿ ಬಳಿ ಅದಕ್ಕಿಂತ ಎಷ್ಟೋ ಮೇಲೆ ಹೋಗಿರುತ್ತದೆ. ಮುಂದಿನ ಖರೀದಿ ಆದೇಶದಲ್ಲಿ ಪ್ರತಿ ಬ್ಯಾಚ್‌ಗೆ ಕನಿಷ್ಠ ಒಂದು ಲಾಗರ್, ಅದೂ ಮೇಲಿನ ಸಾಲಿನ ಪೆಟ್ಟಿಗೆಯೊಳಗೆ ಎಂದು ಬರೆಯಿಸಿ.

---

ವಾರ್ಡ್_ಔಷಧ ಉತ್ತರ:

ಇಂಜೆಕ್ಷನ್ ಬಗ್ಗೆ ಯಾರೂ ಹೇಳಲಿಲ್ಲ. ಅದು ತೀವ್ರ ಮಲೇರಿಯಾದವರಿಗೆ ಹೋಗುವುದು, ಆ ರೋಗಿಗೆ ಎರಡನೇ ಅವಕಾಶ ಇರುವುದಿಲ್ಲ. ಹಣ ಕಡಿಮೆಯಿದ್ದರೆ ಮೊದಲು ಇದನ್ನೇ ಪೂರ್ತಿ ಪರೀಕ್ಷೆಗೆ ಕಳಿಸಿ.

ನೀವೇ ಮಾಡಬಹುದಾದದ್ದು: ಕೆಲವು ವಯಲ್ ತೆಗೆದು ಪುಡಿ ನೋಡಿ. ಬಿಳಿಯಾಗಿ ಸಡಿಲವಾಗಿರಬೇಕು, ಗಟ್ಟಿಯಾಗಿ ಗೋಡೆಗೆ ಅಂಟಿದ್ದರೆ ತೇವ ಹೊಕ್ಕಿದೆ. ಜೊತೆಗೆ ಬಂದ 5% ಬೈಕಾರ್ಬೊನೇಟ್ 1 ಮಿ.ಲೀ. ಹಾಕಿ ಎರಡು-ಮೂರು ನಿಮಿಷ ಅಲುಗಿಸಿ. ಮೊದಲು ಮಸುಕಾಗಿ, ಗುಳ್ಳೆ ಎದ್ದು, ಆಮೇಲೆ ತಿಳಿಯಾಗಬೇಕು. ಕಪ್ಪು ಹಿನ್ನೆಲೆ, ಬಿಳಿ ಹಿನ್ನೆಲೆ ಎರಡರ ಮುಂದೂ ಹಿಡಿಯಿರಿ. ತಿಳಿಯಾಗದಿದ್ದರೆ ಅಥವಾ ಕಣ ತೇಲುತ್ತಿದ್ದರೆ ಆ ಬ್ಯಾಚ್ ನಿಲ್ಲಿಸಿ. ಆಮೇಲೆ 5 ಮಿ.ಲೀ. 5% ಗ್ಲೂಕೋಸ್ ಸೇರಿಸಿದರೆ ಮಿ.ಲೀ.ಗೆ 10 ಮಿ.ಗ್ರಾಂ.; ಆಗಲೂ ತಿಳಿಯೇ ಇರಬೇಕು. ತಪ್ಪು ಎಷ್ಟೋ ಸಲ ಪುಡಿಯದಲ್ಲ, ಆಂಪೂಲ್‌ನದು, ಹಾಗಾಗಿ ಮಸುಕು ಕಂಡರೆ ಬೇರೆ ಒಳ್ಳೆಯ ಬೈಕಾರ್ಬೊನೇಟ್ ಹಾಕಿ ಇನ್ನೊಮ್ಮೆ ನೋಡಿ. ಆಂಪೂಲ್‌ನ ಬ್ಯಾಚ್ ಸಂಖ್ಯೆಯನ್ನೂ ಬೇರೆಯೇ ದಾಖಲಿಸಿ.

ಕಲಸಿದ ಆರ್ಟಿಸುನೇಟ್ ನೀರಿನಲ್ಲಿ ಒಡೆದು ಡೈಹೈಡ್ರೊಆರ್ಟಿಮಿಸಿನಿನ್ ಆಗುತ್ತಾ ಹೋಗುತ್ತದೆ, ಒಂದು ಗಂಟೆಯೊಳಗೆ ಬಳಸಬೇಕು ಎನ್ನುವುದು ಅದಕ್ಕೇ. ಲ್ಯಾಬ್‌ಗೂ ಇದೇ ಮಾತು: ಬೆಳಿಗ್ಗೆ ಕಲಸಿ ಸಂಜೆ ಅಳೆದರೆ ಒಳ್ಳೆಯ ವಯಲ್ ಕೂಡ ಕೆಟ್ಟದ್ದಾಗಿ ಕಾಣುತ್ತದೆ. ಅವರಿಂದ ಅಸ್ಸೇ, ನೀರಿನಂಶ, ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ), ಸ್ಟೆರಿಲಿಟಿ (ಸೂಕ್ಷ್ಮಜೀವಿ ಇಲ್ಲವೇ ಎಂಬುದು) ಕೇಳಿ. ಸ್ಟೆರಿಲಿಟಿಗೆ 14 ದಿನ ಕಾಯಲೇಬೇಕು, ದೊಡ್ಡ ಬ್ಯಾಚ್‌ಗೆ 20 ವಯಲ್ ಬೇಕು. ನಿಮ್ಮ ಬಿಡುಗಡೆ ದಿನಾಂಕದಲ್ಲಿ ಇದನ್ನು ಈಗಲೇ ಸೇರಿಸಿಕೊಳ್ಳಿ.

---

ಮೊದಲು_ಸ್ಯಾಂಪಲ್:

36ರ ಬ್ಯಾಚ್‌ಗೆ ಇನ್ನೆರಡು ವಿಷಯ. ಸರಬರಾಜುದಾರರು ‘ವಾಪಸ್ ಕೊಡಿ, ಬದಲಿ ಕಳಿಸುತ್ತೇವೆ’ ಎನ್ನಬಹುದು. ಔಷಧ ನಿಯಂತ್ರಣ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸುವ ಮೊದಲು ಒಂದು ಕಾರ್ಟನ್ ಕೂಡ ಹೊರಗೆ ಬಿಡಬೇಡಿ. ವಾಪಸ್ ಹೋದ ಸರಕು ಇನ್ನೊಂದು ದೇಶದ ಬಂದರಿನಲ್ಲಿ ಇಳಿಯಬಾರದು. ಪ್ರಾಧಿಕಾರದ ಸಂಪರ್ಕಾಧಿಕಾರಿಯೇ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕಳಪೆ-ನಕಲಿ ಔಷಧ ನಿಗಾ ವ್ಯವಸ್ಥೆಗೆ ಕಳಿಸುತ್ತಾರೆ. ಅದು 2013ರಿಂದ ನಡೆಯುತ್ತಿದೆ.

ಲ್ಯಾಬ್‌ಗೆ ಕಳಿಸುವ ಸ್ಯಾಂಪಲ್ ಮೂಲ ಪೆಟ್ಟಿಗೆಯಲ್ಲೇ ಹೋಗಲಿ, ಕರಪತ್ರವೂ ಒಳಗಿರಲಿ. ಪಾರದರ್ಶಕ ಚೀಲ, ಸಂಖ್ಯೆಯಿರುವ ಮೊಹರು, ತೆಗೆದ ಕಾರ್ಟನ್ ಸಂಖ್ಯೆ, ದಿನಾಂಕ, ತೆಗೆದವರ ಮತ್ತು ಸಾಕ್ಷಿಯ ಸಹಿ. ಒಳಗೆ ಒಂದು ಲಾಗರ್ ಹಾಕಿ. ಇಲ್ಲದಿದ್ದರೆ ವರದಿಯಲ್ಲಿ 86% ಬಂದ ದಿನ, ‘ನಿಮ್ಮ ಕೊರಿಯರ್ ಗಾಡಿಯಲ್ಲಿ ಕೆಟ್ಟಿದೆ’ ಎಂದು ತಯಾರಕರು ಹೇಳಿದರೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.